ಹಸಿರು ಬಟನ್ ಎಲ್ಲಿ ಹೋಯಿತು?

ಕಳೆದ ದಸರಾ ರಜೆಗೆ ಊರಿಗೆ ಹೋಗುವಾಗ ಅಮ್ಮನಿಗೆ ಅಂತ ಒಂದು ಹೊಸ ಫೋನ್ ತಗೊಂಡು ಹೋಗಿದ್ದೆ. 18 ಸಾವಿರದ್ದು. ಅವಳ ಹಳೇ ಸ್ಯಾಮ್‌ಸಂಗ್ 7 ವರ್ಷ ದುಡಿದು ಸುಸ್ತಾಗಿತ್ತು. ಮೂಲೆಯಲ್ಲಿ ಗಾಜು ಒಡೆದಿತ್ತು. ಚಾರ್ಜರ್ ಸಿಕ್ಕಿಸಿ, ಅದರ ವಯರನ್ನು ಒಂದು ಕಡೆಗೆ ಬಗ್ಗಿಸಿ, ಮೇಲೊಂದು ಸಕ್ಕರೆ ಡಬ್ಬಿ ಹೇರಿದರೆ ಮಾತ್ರ ಚಾರ್ಜ್ ಆಗುತ್ತಿತ್ತು. ಟೀ ಮಾಡಲು ಯಾರಾದರೂ ಆ ಡಬ್ಬಿ ಎತ್ತಿದರೆ ಅಮ್ಮ ಹಿತ್ತಲಿನಿಂದಲೇ ಕೂಗುತ್ತಿದ್ದಳು. ಹೊಸದು ಎಲ್ಲ ಲೆಕ್ಕದಲ್ಲೂ ಮೇಲು. ದೊಡ್ಡ ಸ್ಕ್ರೀನ್, ಎರಡು ದಿನ ಬರುವ ಬ್ಯಾಟರಿ, ಟೀ ಕುಡಿದು ಎಲೆ ಅಡಿಕೆ ಹಾಕುವಷ್ಟರಲ್ಲಿ ಅರ್ಧಕ್ಕರ್ಧ ಚಾರ್ಜ್. ಕಂಪನಿ ಮಾತ್ರ ಬೇರೆ. ಅದೂ ಒಂದು ವಿಷಯ ಅಂತ ನನಗೆ ಅನಿಸಲೇ ಇಲ್ಲ. ಎರಡೂ ಆಂಡ್ರಾಯ್ಡ್ ತಾನೇ.

ವಾಪಸ್ ಬೆಂಗಳೂರಿಗೆ ಬಂದು ಫೋನ್ ಮಾಡಿದೆ. ತೆಗೆಯಲಿಲ್ಲ. ಮತ್ತೆ ಮಾಡಿದೆ. ಇಲ್ಲ. ಗಾಬರಿಯಾಗಿ ಅಪ್ಪನ ಕೀಪ್ಯಾಡ್ ಸೆಟ್ಟಿಗೆ ಮಾಡಿದರೆ ಅಪ್ಪ ಆರಾಮಾಗಿ ಹೇಳಿದರು: "ಇಲ್ಲೇ ಕೂತಿದಾಳೆ ಮಾರಾಯ. ಅದು ಹೊಡ್ಕೋತಾ ಇತ್ತು, ಇವಳು ಒತ್ತುತಾ ಇದ್ಲು, ಅಷ್ಟರಲ್ಲಿ ಕಟ್ಟಾಗ್ತಾ ಇತ್ತು." ಹಿಂದಿನಿಂದ ಅಮ್ಮನ ದನಿ: "ಹಸಿರು ಬಟನ್ ಎಲ್ಲೋ ಹಾಕಿದಾರೆ ಕಣೋ ಇದ್ರಲ್ಲಿ!"

ಹಳೇದರಲ್ಲಿ ಹಸಿರು ಚುಕ್ಕೆಯನ್ನು ಪಕ್ಕಕ್ಕೆ ಎಳೆದರೆ ಸಾಕಿತ್ತು. ಹೊಸದರಲ್ಲಿ ಕೆಳಗಿನಿಂದ ಮೇಲಕ್ಕೆ ತಳ್ಳಬೇಕು. ವ್ಯತ್ಯಾಸ ಇಷ್ಟೇ. ನಾನು ಊರಲ್ಲಿದ್ದಾಗ ಹತ್ತು ಸಲ ತೋರಿಸಿಕೊಟ್ಟಿದ್ದೆ, ಹತ್ತು ಸಲವೂ ಸರಿಯಾಗಿಯೇ ಮಾಡಿದ್ದಳು. ಆದರೆ ಒಲೆ ಮೇಲೆ ಹಾಲಿಟ್ಟುಕೊಂಡು, ಕೈ ಒದ್ದೆ ಇದ್ದಾಗ, ಫೋನ್ ಬಡಿದುಕೊಂಡರೆ ಕೆಲಸ ಮಾಡುವುದು ತಲೆಯಲ್ಲ, ಬೆರಳು. ಬೆರಳು ಪಕ್ಕಕ್ಕೇ ಹೋಗುತ್ತಿತ್ತು.

ಇನ್ನೂ ಕೆಲವು ದೂರುಗಳಿದ್ದವು. ಹಳೇ ಫೋನಿನ ಮೊದಲ ಪರದೆಯಲ್ಲಿ ನಾಲ್ಕು ಮುಖಗಳಿದ್ದವು: ನಾನು, ಅಕ್ಕ, ಚಿಕ್ಕಮ್ಮ, ಮತ್ತೆ ಹಾಲಿನ ಡೈರಿಯವನು. ಮುಖ ಒತ್ತಿದರೆ ಸೀದಾ ಫೋನ್ ಹೋಗುತ್ತಿತ್ತು. ಅಮ್ಮ ಯಾವತ್ತೂ ಹೆಸರು ಹುಡುಕಿದವಳೇ ಅಲ್ಲ. ಅವಳ ಲೆಕ್ಕದಲ್ಲಿ ನಾನು 'ಎಡಗಡೆ ಮೇಲಿನವನು'. ಹೊಸ ಫೋನಿನಲ್ಲಿ ಲಾಕ್ ಸ್ಕ್ರೀನಿಗೆ ಧರ್ಮಸ್ಥಳದ ಮಂಜುನಾಥಸ್ವಾಮಿ ಫೋಟೊ ಹಾಕಿಕೊಟ್ಟು ಬಂದಿದ್ದೆ. ಎರಡೇ ದಿನಕ್ಕೆ ಸ್ವಾಮಿ ಮಾಯ. ಫೋನ್ ತಿರುಗಿಸಿದಾಗಲೆಲ್ಲ ಒಬ್ಬೊಬ್ಬ ಹೊಸಬರು. ಒಮ್ಮೆ ಕ್ರಿಕೆಟ್ ಆಟಗಾರ, ಒಮ್ಮೆ ಯಾವುದೋ ದೇಶದ ಜಲಪಾತ, ಒಮ್ಮೆ ಶಾಂಪೂ. "ಯಾರ್ಯಾರೋ ಬಂದು ಹೋಗ್ತಾರೆ, ಇದೇನು ನಮ್ಮನೆ ಫೋನೋ ಬಸ್ ಸ್ಟ್ಯಾಂಡೋ" ಅಂದಳು. ಒಂದು ವಾರ ಕಳೆಯುವ ಮೊದಲೇ ಸಿಮ್ ತೆಗೆಸಿ ಹಳೇದಕ್ಕೆ ಹಾಕಿಸಿಕೊಂಡು, ಸಕ್ಕರೆ ಡಬ್ಬಿ ಹೇರಿ, ನೆಮ್ಮದಿಯಾಗಿ ಕೂತಳು. ಹೊಸದು ಡಬ್ಬಿ ಸಮೇತ ಬೀರು ಸೇರಿತು. ದೀಪಾವಳಿಗೆ ನಾನು ಇನ್ನೊಂದು ಸ್ಯಾಮ್‌ಸಂಗ್ ತಂದುಕೊಡಬೇಕಾಯಿತು. ಅದನ್ನು ಅಮ್ಮ ಹತ್ತು ನಿಮಿಷದಲ್ಲಿ ತನ್ನದು ಮಾಡಿಕೊಂಡಳು.

ಇದನ್ನೇ ಕಂಪನಿಯವರು ಬ್ರ್ಯಾಂಡ್ ನಿಷ್ಠೆ ಅಂತ ಕರೆಯುತ್ತಾರೆ ಅಂತ ಕಾಣುತ್ತೆ. ನಮ್ಮ ಅಮ್ಮನೂ ಎಲ್ಲೋ ಒಂದು ಲೆಕ್ಕದ ಪುಸ್ತಕದಲ್ಲಿ 'ನಿಷ್ಠಾವಂತ ಗ್ರಾಹಕಿ' ಆಗಿ ಬಿದ್ದಿರಬಹುದು. ಆದರೆ ಅವಳಿಗೆ ಆ ಕಂಪನಿ ಯಾವ ದೇಶದ್ದು ಅಂತಲೂ ಗೊತ್ತಿಲ್ಲ. ಕೇಳಿದೆ. "ಶಿವಮೊಗ್ಗದ್ದಲ್ವಾ?" ಅಂದಳು. ಫೋನ್ ಶಿವಮೊಗ್ಗದ ಅಂಗಡಿಯಲ್ಲಿ ತಂದಿದ್ದು. ಅವಳಿಗೆ ಅಷ್ಟೇ ಗೊತ್ತು, ಅಷ್ಟು ಸಾಕು.

ಅಂದಿನಿಂದ ಇದು ನನ್ನ ತಲೆಯಲ್ಲಿ ಕೊರೆಯುತ್ತಿದೆ. ಜನ ಒಂದೇ ಕಂಪನಿಗೆ ಯಾಕೆ ಅಂಟಿಕೊಳ್ಳುತ್ತಾರೆ, ಯಾವಾಗ ಬಿಡುತ್ತಾರೆ?

ದಪ್ಪ ಪಿನ್, ಸಣ್ಣ ಪಿನ್

ನಮ್ಮ ಮನೆಯಲ್ಲಿ ಈ ವಿಷಯದ ಮೊದಲ ಅಧ್ಯಾಯ ಅಪ್ಪನದು. ಅವರ ಮೊದಲ ಫೋನ್ ನೋಕಿಯಾ 1100. 2003ರಲ್ಲಿ ಬಂದ ಸೆಟ್ ಅದು. ಪ್ರಪಂಚದಲ್ಲಿ 25 ಕೋಟಿಗಿಂತ ಜಾಸ್ತಿ ಮಾರಾಟವಾಯಿತು. ಅಷ್ಟು ಜನ ಅದನ್ನು ಯಾಕೆ ತಗೊಂಡರೋ ಗೊತ್ತಿಲ್ಲ, ನಮ್ಮೂರಿನವರು ತಗೊಂಡಿದ್ದು ಟಾರ್ಚಿಗೆ. ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತೆ ಅಂತ ಕೇಳುವವರು ಹೊಸಬರು. ಫೋನ್ ಮಾಡಲು ರೇಂಜ್ ಬೇಕು ಅಂದರೆ ಕೊಟ್ಟಿಗೆ ದಾಟಿ ಗುಡ್ಡದ ಮೇಲಿನ ಗೇರು ಮರದ ಬುಡಕ್ಕೆ ಹೋಗಬೇಕಿತ್ತು. ಹಾಗಾಗಿ ದಿನದ 24 ಗಂಟೆಯಲ್ಲಿ ಅದು ಫೋನ್ ಆಗಿದ್ದು ಒಂದರ್ಧ ಗಂಟೆ, ಉಳಿದಂತೆ ಅದೊಂದು ಟಾರ್ಚ್. ತೋಟಕ್ಕೆ ಹಂದಿ ನುಗ್ಗಿದ ರಾತ್ರಿ ಅಪ್ಪ ಅದನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಬೇಲಿ ಕಟ್ಟಿದ್ದನ್ನು ನಾನೇ ನೋಡಿದ್ದೇನೆ. ಒಂದು ಸಲ ಅಡಿಕೆ ಬೇಯಿಸುವ ಹಂಡೆಯ ಪಕ್ಕ ಇಟ್ಟು ಮರೆತರು. ಕವಚ ಸ್ವಲ್ಪ ಸೊಟ್ಟಗಾಯಿತು. ಫೋನಿಗೆ ಏನೂ ಆಗಲಿಲ್ಲ.

ಆ ಕಾಲದಲ್ಲಿ ನಮ್ಮನ್ನು ನೋಕಿಯಾಗೆ ಕಟ್ಟಿಹಾಕಿದ್ದು ಇನ್ನೊಂದು ವಸ್ತು. ಚಾರ್ಜರ್ ಪಿನ್. ಮೊದಲು ದಪ್ಪ ಪಿನ್ ಇತ್ತು, ಆಮೇಲೆ ಸಣ್ಣ ಪಿನ್ ಬಂತು. ಮದುವೆ ಮನೆಗೆ ಹೋದರೆ, ಅಲ್ಲಿ ಯಾರನ್ನು ಬೇಕಾದರೂ "ನೋಕಿಯಾ ಸಣ್ಣ ಪಿನ್ ಇದ್ಯಾ?" ಅಂತ ಕೇಳಬಹುದಿತ್ತು. ಇದ್ದೇ ಇರುತ್ತಿತ್ತು. ನಮ್ಮ ಸೋದರಮಾವ ಒಬ್ಬರು ಸ್ಟೈಲಿಗೆ ಅಂತ ಬೇರೆ ಕಂಪನಿಯ ಮಡಚುವ ಸೆಟ್ ತಗೊಂಡಿದ್ದರು. ಪಾಪ, ಎಲ್ಲಿ ಹೋದರೂ ಬ್ಯಾಗಿನಲ್ಲಿ ಚಾರ್ಜರ್ ಹೊತ್ತುಕೊಂಡು ಓಡಾಡಬೇಕಿತ್ತು. ಕೊನೆಗೆ ಅವರೂ ನೋಕಿಯಾಗೆ ಬಂದರು. ಅವರಿಗೆ ನೋಕಿಯಾ ಮೇಲೆ ಪ್ರೀತಿ ಬಂದಿರಲಿಲ್ಲ. ಚಾರ್ಜರ್ ಹೊತ್ತು ಬೇಜಾರಾಗಿತ್ತು.

2013ರಲ್ಲಿ ನನಗೆ ಕೆಲಸ ಸಿಕ್ಕಿ ಒಂದಿಷ್ಟು ದುಡ್ಡು ಕೈಗೆ ಬಂದಾಗ ಅಪ್ಪನಿಗೆ ಟಚ್ ಸ್ಕ್ರೀನ್ ಕೊಡಿಸೋಣ ಅಂದುಕೊಂಡೆ. ಅವರದ್ದು ಒಂದೇ ಷರತ್ತು: "ನೋಕಿಯಾ ಆದ್ರೆ ಕೊಡ್ಸು." ತಗೊಂಡೆ ಲೂಮಿಯಾ 520. ಹಳದಿ ಬಣ್ಣದ್ದು, ಹತ್ತು ಸಾವಿರದ ಆಸುಪಾಸು. ಒಳಗಿದ್ದಿದ್ದು ಮೈಕ್ರೋಸಾಫ್ಟಿನ ವಿಂಡೋಸ್. ಹಳೇ ನೋಕಿಯಾಗೂ ಇದಕ್ಕೂ ಹೆಸರು ಬಿಟ್ಟರೆ ಬೇರೆ ಏನೇನೂ ಸಂಬಂಧ ಇರಲಿಲ್ಲ. ಅಪ್ಪನಿಗೆ ಅದೆಲ್ಲ ಬೇಕಾಗಿರಲಿಲ್ಲ, ಮೇಲೆ ನೋಕಿಯಾ ಅಂತ ಬರೆದಿತ್ತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನೋಕಿಯಾ ತನ್ನ ಫೋನ್ ವ್ಯಾಪಾರವನ್ನೇ ಮೈಕ್ರೋಸಾಫ್ಟಿಗೆ ಮಾರುವುದಾಗಿ ಹೇಳಿತು. ಮುಂದಿನ ವರ್ಷ ಏಪ್ರಿಲ್‌ಗೆ ವ್ಯವಹಾರ ಮುಗಿಯಿತು. ಅದೇ 2014ರ ಕೊನೆಗೆ ಚೆನ್ನೈ ಹತ್ತಿರದ ಶ್ರೀಪೆರುಂಬುದೂರಿನ ಕಾರ್ಖಾನೆಗೂ ಬೀಗ ಬಿತ್ತು. ಸಾವಿರಾರು ಜನ ಅಲ್ಲಿ ಕೆಲಸ ಮಾಡುತ್ತಿದ್ದರು. ಅಪ್ಪ ಪೇಪರಿನಲ್ಲಿ ಅದನ್ನು ಓದಿದರು. ಓದಿ, ತಮ್ಮ ಹಳದಿ ಫೋನನ್ನು ಒರೆಸಿ ಜೇಬಿಗೆ ಹಾಕಿಕೊಂಡರು.

ಒಂದೊಂದೇ ಆಪ್ ಹೋಗುತ್ತಾ ಬಂತು. ಬ್ಯಾಂಕಿಂದು ಹೋಯಿತು, ಆಮೇಲೆ ಇನ್ನೇನೋ ಹೋಯಿತು. ಅಪ್ಪ ಯಾವುದಕ್ಕೂ ತಲೆ ಕೆಡಿಸಿಕೊಳ್ಳಲಿಲ್ಲ. 2019ರ ಡಿಸೆಂಬರ್ 31ಕ್ಕೆ ವಿಂಡೋಸ್ ಫೋನುಗಳಲ್ಲಿ ವಾಟ್ಸಾಪ್ ನಿಂತಿತು. ಆಗ ಮಾತ್ರ ಅಪ್ಪ ಸೋತರು. ಕಂಪನಿಯನ್ನು ಅಪ್ಪ ಬಿಡಲಿಲ್ಲ, ಕಂಪನಿಯೇ ಅಪ್ಪನನ್ನು ದಾರಿ ಮಧ್ಯೆ ಇಳಿಸಿ ಹೋಗಿತ್ತು. ಈಗ ಅವರ ಜೇಬಿನಲ್ಲಿ ನೋಕಿಯಾ 105 ಕೀಪ್ಯಾಡ್ ಸೆಟ್ ಇದೆ, ಟಾರ್ಚ್ ಇರುವುದು. ವಾಟ್ಸಾಪ್ ಬೇಕಾದಾಗ ಅಮ್ಮನ ಫೋನ್ ಇಣುಕುತ್ತಾರೆ. ಆ 105ನ್ನು ಮಾಡುವುದು ಎಚ್‌ಎಂಡಿ ಅಂತ ಬೇರೆ ಕಂಪನಿ, ನೋಕಿಯಾದ ಹೆಸರನ್ನು ಬಾಡಿಗೆಗೆ ತಗೊಂಡಿದೆ ಅಂತ ಒಮ್ಮೆ ವಿವರಿಸಲು ಹೋದೆ. "ಟಾರ್ಚ್ ಬಿಡ್ತದೆ ತಾನೇ?" ಅಂದರು. ಅಲ್ಲಿಗೆ ಮಾತು ಮುಗಿಯಿತು.

ಗ್ಲಾಸ್ ಸಿಗುತ್ತಾ?

ಬೆಂಗಳೂರಿನಲ್ಲಿ ಕೂತು ಯೂಟ್ಯೂಬ್ ನೋಡಿ ಫೋನ್ ತಗೊಳ್ಳುವ ನಮಗೆ ಊರಿನ ಮೊಬೈಲ್ ಅಂಗಡಿಯ ತಾಕತ್ತು ಗೊತ್ತಾಗುವುದಿಲ್ಲ. 2014ರ ಜುಲೈನಲ್ಲಿ ಚೀನಾದ ಶಿಯೋಮಿ ಕಂಪನಿ ಭಾರತಕ್ಕೆ ಬಂದಾಗ ಫ್ಲಿಪ್‌ಕಾರ್ಟಿನಲ್ಲಿ ಮಾತ್ರ ಸಿಗುತ್ತಿತ್ತು. ಮೀ 3 ಅನ್ನುವ ಸೆಟ್, 13,999 ರೂಪಾಯಿ. ಮಧ್ಯಾಹ್ನ ಬಟನ್ ಒತ್ತಲು ಕಾಯುತ್ತಾ ಕೂತವರಲ್ಲಿ ನಾನೂ ಒಬ್ಬ. ಆಫೀಸಿನಲ್ಲಿ ನಾಲ್ಕು ಜನ ನಾಲ್ಕು ಕಂಪ್ಯೂಟರಿನಲ್ಲಿ ಒತ್ತಿ, ಒಬ್ಬನಿಗೆ ಸಿಕ್ಕರೆ ಉಳಿದವರು ಅವನಿಂದ ಟೀ ಕುಡಿಯುತ್ತಿದ್ದೆವು. ಅದನ್ನು ಹಿಡಿದುಕೊಂಡು ಊರಿಗೆ ಹೋದೆ. ಗಾಜಿಗೆ ಗೀರು ಬೀಳದ ಹಾಗೆ ಒಂದು ಗ್ಲಾಸ್ ಹಾಕಿಸೋಣ ಅಂತ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಹೋದರೆ, ಅಂಗಡಿಯವನು ಫೋನನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದ. ಅಂಗಳಕ್ಕೆ ಬಂದ ಬೇರೆಯವರ ಮನೆ ಬೆಕ್ಕನ್ನು ಎತ್ತಿ ನೋಡುವ ಹಾಗೆ. "ಆನ್‌ಲೈನ್ ಸೆಟ್ಟಾ? ಇದ್ಕೆಲ್ಲ ಗ್ಲಾಸ್ ಬರಲ್ಲ ಸಾರ್. ಪೌಚೂ ಇಲ್ಲ. ಡಿಸ್‌ಪ್ಲೇ ಹೋದ್ರೆ ನಮ್ ಹತ್ರ ತರ್ಬೇಡಿ."

ಅವನ ಮಾತಿನಲ್ಲಿ ಸಿಟ್ಟಿತ್ತು, ಅದರಲ್ಲಿ ತಪ್ಪೇನೂ ಇರಲಿಲ್ಲ. ಕರೆನ್ಸಿ ಹಾಕಿಸಲು ನಾವು ಅವನ ಹತ್ತಿರ ಬರುತ್ತೇವೆ, ಸಿಮ್ ಕಟ್ ಮಾಡಿಸಲು ಬರುತ್ತೇವೆ, ಹಾಡು ತುಂಬಿಸಲು ಬರುತ್ತೇವೆ. ಲಾಭ ಬರುವ ಫೋನನ್ನು ಮಾತ್ರ ಬೇರೆ ಕಡೆ ತಗೊಳ್ಳುತ್ತೇವೆ. ಇದನ್ನು ಸರಿಯಾಗಿ ಹಿಡಿದಿದ್ದು ವಿವೋ ಮತ್ತು ಒಪ್ಪೋ. ಕೆಲವೇ ವರ್ಷದಲ್ಲಿ ಚಿಕ್ಕ ಚಿಕ್ಕ ಊರಿನ ಪೇಟೆ ಬೀದಿಗಳು ಒಂದು ಕಡೆ ನೀಲಿ, ಒಂದು ಕಡೆ ಹಸಿರು ಆದವು. ದಿನಸಿ ಅಂಗಡಿ ಮೇಲೂ ಅವರದ್ದೇ ಬೋರ್ಡು. 2016ಕ್ಕೆ ಐಪಿಎಲ್ ಹೆಸರಿನ ಹಿಂದೆಯೂ ವಿವೋ ಬಂದು ಕೂತಿತು. ಪರಿಣತರು ಆ ಫೋನುಗಳನ್ನು 'ದುಡ್ಡಿಗೆ ತಕ್ಕ ಪ್ರೊಸೆಸರ್ ಇಲ್ಲ' ಅಂತ ಹಳಿಯುತ್ತಿದ್ದರು. ಊರಲ್ಲಿ ಯಾರೂ ಪ್ರೊಸೆಸರ್ ಕೇಳಲಿಲ್ಲ. ಗ್ಲಾಸ್ ಸಿಗುತ್ತಾ ಅಂತ ಕೇಳಿದರು. ಸಿಗುತ್ತಿತ್ತು. ಕೆಟ್ಟರೆ ಯಾರ ಮುಖ ನೋಡಬೇಕು ಅನ್ನುವುದು ಗೊತ್ತಿತ್ತು. ನಮ್ಮ ಪಕ್ಕದ ಮನೆಯಲ್ಲಿ ಮೂರು ತಲೆಮಾರಿನ ಕೈಯಲ್ಲಿ ಒಂದೇ ಕಂಪನಿಯ ಫೋನಿದೆ. ಕೇಳಿದರೆ ಅಂಗಡಿಯವನ ಹೆಸರು ಹೇಳುತ್ತಾರೆ, ಕಂಪನಿಯದ್ದಲ್ಲ. ಅವನು ನಾಳೆ ಬೇರೆ ಬೋರ್ಡು ಹಾಕಿದರೆ ಆ ಮನೆ ಪೂರ್ತಿ ಬೇರೆ ಕಂಪನಿಗೆ ಹೋಗುತ್ತೆ.

(ಇಲ್ಲಿ ಒಂದು ಮಾತು. ಈ ಬ್ರ್ಯಾಂಡುಗಳ ಪರವಾಗಿ ಕಿತ್ತಾಡುವ ಹುಡುಗರನ್ನು ನೋಡಿದರೆ ನನಗೆ ನಗು ಬರುತ್ತೆ. ಒಪ್ಪೋ, ವಿವೋ, ಒನ್‌ಪ್ಲಸ್, ರಿಯಲ್‌ಮಿ, ಇವೆಲ್ಲದರ ಬೇರು ಬಿಬಿಕೆ ಅನ್ನುವ ಒಂದೇ ಮನೆಯದ್ದು. ರೆಡ್ಮಿ, ಪೋಕೊ ಎರಡೂ ಶಿಯೋಮಿಯ ಮಕ್ಕಳು. 2018ರಲ್ಲಿ ರಿಯಲ್‌ಮಿ ಶುರುವಾಗಿದ್ದೇ ಒಪ್ಪೋ ಮನೆಯ ಜಗುಲಿಯಲ್ಲಿ. ನಮ್ಮ ಆಫೀಸಿನಲ್ಲಿ ಒನ್‌ಪ್ಲಸ್ ಹುಡುಗನೂ ರಿಯಲ್‌ಮಿ ಹುಡುಗನೂ ಊಟದ ಹೊತ್ತಿನಲ್ಲಿ ಜಗಳವಾಡಿ, ಮಧ್ಯಾಹ್ನ ಒಬ್ಬನ ಚಾರ್ಜರ್ ಇನ್ನೊಬ್ಬ ಇಸ್ಕೊಳ್ಳುತ್ತಾರೆ.)

ಭಾವನ ಲೆಕ್ಕಾಚಾರ

ನಮ್ಮ ಭಾವ ಅಡಿಕೆ ವ್ಯಾಪಾರದವರು. ಶಿವಮೊಗ್ಗ ಮಂಡಿಗೂ ಹಳ್ಳಿಗೂ ನಡುವೆ ದಿನಕ್ಕೆ ನೂರು ಫೋನ್ ಮಾಡುವ ಮನುಷ್ಯ. ಬೆಳಿಗ್ಗೆ ಒಂದು ರೇಟು, ಮಧ್ಯಾಹ್ನ ಒಂದು ರೇಟು. ಮಾತು ಕೊಟ್ಟಿದ್ದು ಎಷ್ಟಕ್ಕೆ ಅಂತ ಸಂಜೆ ತಕರಾರು ಬರುತ್ತೆ. ಅದಕ್ಕೆ ಅವರ ಫೋನಿನಲ್ಲಿ ಎಲ್ಲ ಕರೆಯೂ ತಾನಾಗಿ ರೆಕಾರ್ಡ್ ಆಗಬೇಕು. ಕ್ಯಾಮೆರಾ ಹೇಗಾದರೂ ಇರಲಿ, ಇದು ಇಲ್ಲದ ಫೋನ್ ಅವರಿಗೆ ಫೋನೇ ಅಲ್ಲ.

ಮೊದಲು ಅವರದ್ದು ರೆಡ್ಮಿ. ಅದನ್ನು ಹೊಗಳಿ ಹೊಗಳಿ ಊರಲ್ಲಿ ಹತ್ತು ಜನಕ್ಕೆ ಕೊಡಿಸಿದ್ದರು. 2020ರ ಹೊತ್ತಿಗೆ ಚೀನಾ ಕಂಪನಿಗಳ ಹೊಸ ಫೋನುಗಳಲ್ಲಿ ತಮ್ಮದೇ ಡಯಲರ್, ಅಂದರೆ ಕರೆ ಮಾಡುವ ಆಪ್, ಹೋಗಿ ಗೂಗಲ್‌ನದ್ದು ಬರತೊಡಗಿತು. ಅದರಲ್ಲಿ ರೆಕಾರ್ಡ್ ಒತ್ತಿದರೆ ಒಂದು ಹೆಣ್ಣು ದನಿ ಎರಡೂ ಕಡೆಯವರಿಗೆ ಕೇಳುವ ಹಾಗೆ 'ಈ ಕರೆ ರೆಕಾರ್ಡ್ ಆಗುತ್ತಿದೆ' ಅಂತ ಇಂಗ್ಲಿಷಿನಲ್ಲಿ ಸಾರುತ್ತೆ. ಭಾವ ಹೊಸ ಫೋನ್ ತಗೊಂಡ ಮೊದಲ ದಿನವೇ ಕೊಪ್ಪದ ಕಡೆಯ ಬೆಳೆಗಾರರೊಬ್ಬರು ಇದನ್ನು ಕೇಳಿ, "ಏನ್ರೀ, ಪೊಲೀಸ್ ಸ್ಟೇಷನ್ನಿಂದ ಮಾತಾಡ್ತಿದೀರಾ?" ಅಂತ ಫೋನ್ ಇಟ್ಟುಬಿಟ್ಟರಂತೆ. ಬೇರೆ ಆಪ್ ಹಾಕಿಕೊಂಡು ಸ್ವಲ್ಪ ದಿನ ತಳ್ಳಿದರು. 2022ರ ಮೇ ತಿಂಗಳಲ್ಲಿ ಗೂಗಲ್ ಆ ದಾರಿಯನ್ನೂ ಮುಚ್ಚಿತು. ಸ್ಯಾಮ್‌ಸಂಗ್ ಮಾತ್ರ ತನ್ನ ಸ್ವಂತ ಡಯಲರ್ ಇಟ್ಟುಕೊಂಡಿತ್ತು, ಅದು ಸುಮ್ನೆ ರೆಕಾರ್ಡ್ ಮಾಡುತ್ತೆ, ಸದ್ದಿಲ್ಲ. ಭಾವ ಅಲ್ಲಿಗೆ ಹಾರಿದರು. ಅವರ ಹಿಂದೆ ಆ ಹತ್ತು ಜನರಲ್ಲಿ ಏಳು ಜನ ಹಾರಿದರು. ಒಪ್ಪೋ, ಒನ್‌ಪ್ಲಸ್ಸಿನವರು ಆಮೇಲೆ ತಮ್ಮ ಹಳೇ ಡಯಲರ್ ವಾಪಸ್ ಕೊಟ್ಟರು, ಅಷ್ಟರಲ್ಲಿ ಭಾವನ ಕೋಪ ಗಟ್ಟಿಯಾಗಿತ್ತು. ಕಾಲೇಜಿಗೆ ಹೋಗುವ ಮಗ "ಐಫೋನ್ ತಗೊಳಪ್ಪ, ಈಗ ಅದ್ರಲ್ಲೂ ರೆಕಾರ್ಡಿಂಗ್ ಬಂದಿದೆ" ಅಂದ. 2024ರಲ್ಲಿ ಬಂದಿದ್ದು ನಿಜ. ಭಾವ ಕೇಳಿದ್ದು ಒಂದೇ ಪ್ರಶ್ನೆ, "ಅದೂ ಹೇಳ್ತದಾ?" ಹೇಳುತ್ತೆ. "ಹಂಗಾದ್ರೆ ಬೇಡ."

ಇನ್ನೊಬ್ಬರ ಮಾತನ್ನು ಅವರಿಗೆ ಹೇಳದೆ ರೆಕಾರ್ಡ್ ಮಾಡುವುದು ಸರಿಯಾ ಅಂತ ನನಗೂ ಅವರಿಗೂ ಜಗಳವಾಗಿದೆ. ನನಗೆ ಇವತ್ತಿಗೂ ಅದು ಸರಿ ಕಾಣುವುದಿಲ್ಲ. ಅದು ಬೇರೆ ಬರಹಕ್ಕಿರಲಿ. ಇಲ್ಲಿ ನಾನು ಗಮನಿಸಿದ್ದು, ವರ್ಷಗಟ್ಟಲೆ ಹೊಗಳಿದ ಕಂಪನಿಯನ್ನು ಆ ಮನುಷ್ಯ ಒಂದು ಮಧ್ಯಾಹ್ನದಲ್ಲಿ ಬಿಟ್ಟ ಬಗೆ. ಫೋನ್ ಕೆಟ್ಟಿರಲಿಲ್ಲ. ಅದು ಅವರನ್ನು ನಾಲ್ಕು ಜನರ ಮುಂದೆ ಸಣ್ಣವರನ್ನಾಗಿ ಮಾಡಿತ್ತು.

ಅಮ್ಮನಿಗೊಂದು ಐಫೋನ್

ನ್ಯೂಜೆರ್ಸಿಯಲ್ಲಿರುವ ಚಿಕ್ಕಪ್ಪನ ಮಗಳು ಹೇಳುವ ಕತೆ ಇನ್ನೊಂದು ಥರ. ಅಲ್ಲಿ ಹೈಸ್ಕೂಲ್ ಓದುವ ಅವಳ ಮಗಳಿಗೆ ಆಂಡ್ರಾಯ್ಡ್ ಕೊಡಿಸಿದ್ದರು. ಹುಡುಗಿ ಅತ್ತು ಕರೆದು ಐಫೋನ್ ಮಾಡಿಸಿಕೊಂಡಳು. ಅಲ್ಲಿನ ಮಕ್ಕಳು ಮಾತಾಡಿಕೊಳ್ಳುವುದು ಐಫೋನಿನ ಮೆಸೇಜಿನಲ್ಲಿ. ಐಫೋನ್ ಇದ್ದವರ ಮಾತು ನೀಲಿ, ಇಲ್ಲದವರದ್ದು ಹಸಿರು. ಆಗೆಲ್ಲ ಗುಂಪಿನಲ್ಲಿ ಒಬ್ಬರು ಹಸಿರು ಬಂದರೆ ಫೋಟೊ ಮಸುಕಾಗುತ್ತಿತ್ತು, ವಿಡಿಯೋ ಮಸುಕಾಗುತ್ತಿತ್ತು, ಎಲ್ಲರಿಗೂ ಕಿರಿಕಿರಿ. 2022ರಲ್ಲಿ ಒಂದು ಕಾರ್ಯಕ್ರಮದಲ್ಲಿ ಸಭಿಕರೊಬ್ಬರು ಆ್ಯಪಲ್‌ನ ಟಿಮ್ ಕುಕ್ ಅವರಿಗೆ ಇದನ್ನೇ ಹೇಳಿದರು, ನನ್ನ ಅಮ್ಮನಿಗೆ ವಿಡಿಯೋ ಕಳಿಸಿದರೆ ಸರಿಯಾಗಿ ಕಾಣಲ್ಲ ಅಂತ. ಕುಕ್ ಕೊಟ್ಟ ಉತ್ತರ: ಅಮ್ಮನಿಗೆ ಒಂದು ಐಫೋನ್ ತೆಗೆದುಕೊಡಿ. ತಮಾಷೆಗೆ ಹೇಳಿದ್ದೇ ಇರಬಹುದು. ನನಗೆ ಮಾತ್ರ ಸಕ್ಕರೆ ಡಬ್ಬಿ ಕೆಳಗೆ ಚಾರ್ಜಿಗಿಟ್ಟ ನಮ್ಮಮ್ಮನ ಫೋನ್ ಕಣ್ಣ ಮುಂದೆ ಬಂತು.

ನಮ್ಮಲ್ಲಿ ಆ ನೀಲಿ ಹಸಿರಿನ ಜಾತಿಭೇದ ಬರಲಿಲ್ಲ, ವಾಟ್ಸಾಪ್ ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿಬಿಟ್ಟಿದೆ. ಆದರೆ ಬೇರೆ ಥರದ ಬೇಲಿ ಇತ್ತು. ಆಂಡ್ರಾಯ್ಡಿನ ವಾಟ್ಸಾಪ್ ಬ್ಯಾಕಪ್ ಗೂಗಲ್‌ನಲ್ಲಿ, ಐಫೋನಿನದ್ದು ಆ್ಯಪಲ್‌ನಲ್ಲಿ. ಎಷ್ಟೋ ವರ್ಷ ಒಂದರಿಂದ ಇನ್ನೊಂದಕ್ಕೆ ಸಾಗಿಸಲು ನೆಟ್ಟಗಿನ ದಾರಿಯೇ ಇರಲಿಲ್ಲ. 2022ರಲ್ಲಿ ಆಂಡ್ರಾಯ್ಡಿನಿಂದ ಐಫೋನಿಗೆ ಹೋಗುವ ದಾರಿ ಬಿಟ್ಟರು. ಅಲ್ಲಿಯವರೆಗೆ ಐಫೋನ್ ತಗೊಂಡವರು ಹಳೇ ಮಾತುಕತೆಯನ್ನೆಲ್ಲ ಹೊಸಿಲಾಚೆ ಬಿಟ್ಟು ಬರುತ್ತಿದ್ದರು. ಮನೆ ಖಾಲಿ ಮಾಡುವಾಗ ಗೋಡೆಗೆ ಅಂಟಿದ ಅಟ್ಟ ಬಿಟ್ಟು ಬರುವ ಹಾಗೆ.

ನನ್ನನ್ನು ಆಂಡ್ರಾಯ್ಡಿನಲ್ಲಿ ಹಿಡಿದಿಟ್ಟಿದ್ದು ಕನ್ನಡ. ಜಂಬಕ್ಕೆ ಹೇಳುತ್ತಿಲ್ಲ. ಮೊದಮೊದಲ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಬರೀ ಚೌಕ ಚೌಕವಾಗಿ ಕಾಣುತ್ತಿತ್ತು, ಇಲ್ಲಾ ಒತ್ತಕ್ಷರಗಳು ಪಕ್ಕಕ್ಕೆ ಬಿದ್ದು ಒದ್ದಾಡುತ್ತಿದ್ದವು. 2012ರ ಜೆಲ್ಲಿ ಬೀನ್ ಹೊತ್ತಿಗೆ ಸುಧಾರಿಸಿತು. ಐಫೋನಿಗೆ ಸ್ವಂತದ ಕನ್ನಡ ಕೀಬೋರ್ಡ್ ಬಂದಿದ್ದು 2017ರಲ್ಲಿ, ಐಒಎಸ್ 11ರ ಜೊತೆ. ಅಷ್ಟರಲ್ಲಿ ನನ್ನ ಹೆಬ್ಬೆರಳು ಆಂಡ್ರಾಯ್ಡಿನ ಕೀಬೋರ್ಡಿಗೆ ಒಗ್ಗಿಹೋಗಿತ್ತು. ಗೆಳೆಯನ ಐಫೋನಿನಲ್ಲಿ 'ಸ್ವಾತಂತ್ರ್ಯ' ಅಂತ ಬರೆಯಲು ಹೋಗಿ ಮೂರು ಸಲ ಎಡವಿದೆ. ಈಗ ಅಲ್ಲೂ ಎಲ್ಲ ಚೆನ್ನಾಗಿದೆಯಂತೆ. ಇರಬಹುದು. ನನಗೆ ಮತ್ತೆ ಒಂದನೇ ಕ್ಲಾಸಿಗೆ ಹೋಗಿ ಕೂರುವ ವಯಸ್ಸಲ್ಲ ಅಷ್ಟೇ. ಅಮ್ಮನ ಹಸಿರು ಬಟನ್ನಿಗೆ ನಕ್ಕ ನಾನು ಇಷ್ಟು ವರ್ಷ ಮಾಡುತ್ತಿದ್ದಿದ್ದೂ ಅದನ್ನೇ. ಅವಳು ಬಾಯಿಬಿಟ್ಟು ಹೇಳಿದಳು, ನಾನು 'ಐಫೋನ್ ದುಡ್ಡು ಜಾಸ್ತಿ' ಅಂತ ಹೇಳಿಕೊಂಡು ತಿರುಗಿದೆ.

ನೀರು ನಿಂತ ಮನೆ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಬದಲಿಸಿದವರಿಗೆ ಇದು ಗೊತ್ತಿರುತ್ತೆ. ಇದಕ್ಕಿಂತ ಒಳ್ಳೆ ಮನೆ ಪಕ್ಕದ ಬೀದಿಯಲ್ಲೇ ಖಾಲಿ ಇದೆ, ಬಾಡಿಗೆಯೂ ಕಮ್ಮಿ ಅಂತ ಗೊತ್ತಿದ್ದರೂ ನಾವು ಏಳುವುದಿಲ್ಲ. ಗ್ಯಾಸ್ ವಿಳಾಸ ಬದಲಿಸಬೇಕು, ಟೆಂಪೋ ಹಿಡಿಯಬೇಕು, ಅಡ್ವಾನ್ಸಿನಲ್ಲಿ ಪೇಂಟಿಂಗ್ ದುಡ್ಡು ಮುರಿದುಕೊಳ್ಳುತ್ತಾರೆ. ಸುಮ್ನೆ ಇದ್ದುಬಿಡುತ್ತೇವೆ. ಒಂದು ದಿನ ನೀರು ಬರಲ್ಲ, ಓನರ್ "ಬೇಕಾದ್ರೆ ಇರಿ" ಅನ್ನುವ ಥರ ಮಾತಾಡುತ್ತಾರೆ. ಅವತ್ತೇ ಸಂಜೆ ಮನೆ ಹುಡುಕಲು ಹೊರಡುತ್ತೇವೆ.

ಫೆಬ್ರುವರಿಯಲ್ಲಿ ನನಗೆ ಆಗಿದ್ದು ಅದೇ. ಒಂದೇ ಕಂಪನಿಯ ಮೂರನೇ ಫೋನ್ ಅದು. ಹೆಸರು ಬೇಡ. ರಾತ್ರಿ ಅಪ್‌ಡೇಟ್ ಹಾಕಿ ಮಲಗಿದೆ, ಬೆಳಿಗ್ಗೆ ಸ್ಕ್ರೀನಿನ ಬಲಗಡೆ ಮೇಲಿಂದ ಕೆಳಗೆ ಒಂದು ಹಸಿರು ಗೆರೆ. ದಾರದಷ್ಟು ಸಣ್ಣದು, ನೆಟ್ಟಗೆ. ಸಂಜೆಗೆ ಎರಡಾಯಿತು. ಅಮೋಲೆಡ್ ಪರದೆಯ ಫೋನುಗಳಲ್ಲಿ ಇದು ಬೇಕಾದಷ್ಟು ಜನರಿಗೆ ಬಂದಿದೆ, ಬೇರೆ ಬೇರೆ ಕಂಪನಿಗಳಲ್ಲಿ. ಸರ್ವಿಸ್ ಸೆಂಟರಿಗೆ ಹೋದೆ. ಟೋಕನ್ ತಗೊಂಡು ಒಂದೂವರೆ ಗಂಟೆ ಕೂತೆ. ನನ್ನ ಪಕ್ಕ ಕೂತ ಹುಡುಗಿಯ ಫೋನಿನಲ್ಲಿ ಗುಲಾಬಿ ಗೆರೆ. ಇಬ್ಬರೂ ಒಬ್ಬರದ್ದೊಬ್ಬರು ನೋಡಿ ನಕ್ಕೆವು. ಕೌಂಟರಿನವರು ಫೋನನ್ನು ಬೆಳಕಿಗೆ ಹಿಡಿದು, "ಬಿದ್ದಿದೆಯಾ ಸಾರ್?" ಅಂದರು. ಇಲ್ಲ ಅಂದೆ. "ಬೀಳದೆ ಹಿಂಗಾಗಲ್ಲ." ನನ್ನ ಪಕ್ಕದವಳಿಗೂ ಅದೇ ಹೇಳಿದರು. ಡಿಸ್‌ಪ್ಲೇಗೆ ಹೇಳಿದ ರೇಟು ಫೋನಿನ ಅರ್ಧ ಬೆಲೆ. ಅಲ್ಲಿಂದ ಹೊರಗೆ ಬಂದಾಗ ದುಡ್ಡಿನ ಬಗ್ಗೆ ಅಷ್ಟು ಬೇಜಾರಿರಲಿಲ್ಲ. ನಾನು ಸುಳ್ಳು ಹೇಳುತ್ತಿದ್ದೇನೆ ಅಂತ ಅವರು ಮುಖದ ಮೇಲೆ ಹೇಳಿದ್ದರಲ್ಲ, ಅದು ಚುಚ್ಚುತ್ತಿತ್ತು. ಗೆರೆ ಬಿದ್ದ ಫೋನಿನಲ್ಲೇ ನಾನು ಇನ್ನೂ ಒಂದು ವರ್ಷ ಇರುತ್ತಿದ್ದೆನೇನೋ. ಆ ಮಾತು ಕೇಳಿದ ಮೇಲೆ ಆಗಲಿಲ್ಲ.

ದೊಡ್ಡ ದೊಡ್ಡ ಕಾರಣಗಳಿಗೆ ನಾವು ಫೋನ್ ಬಿಡುವುದಿಲ್ಲ ಅನ್ನುವುದು ನನಗೆ 2020ರಲ್ಲೇ ಗೊತ್ತಾಗಿತ್ತು. ಗಲ್ವಾನ್‌ನಲ್ಲಿ ಚೀನಾ ಜೊತೆ ಗಡಿ ಘರ್ಷಣೆ ಆದ ಮೇಲೆ ಜೂನ್ ಕೊನೆಗೆ ಸರ್ಕಾರ 59 ಚೀನಾ ಆಪ್ ನಿಲ್ಲಿಸಿತು. ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಚೀನಾ ವಸ್ತು ಮುಟ್ಟಬೇಡಿ ಅಂತ ದಿನಕ್ಕೆ ಇಪ್ಪತ್ತು ಮೆಸೇಜು. ಕಳಿಸುತ್ತಿದ್ದವರ ಕೈಯಲ್ಲಿದ್ದಿದ್ದು ಯಾವ ಫೋನ್ ಅಂತ ನನಗೆ ಗೊತ್ತಿತ್ತು, ಅರ್ಧದಷ್ಟನ್ನು ನಾನೇ ಕೊಡಿಸಿದ್ದು. ಅದೇ ನವೆಂಬರಿನಲ್ಲಿ ನಮ್ಮದೇ ಮೈಕ್ರೋಮ್ಯಾಕ್ಸ್ 'ಇನ್' ಅನ್ನುವ ಹೆಸರಲ್ಲಿ ವಾಪಸ್ ಬಂತು. 2014ರ ಕೊನೆಯಲ್ಲಿ ಒಂದು ಲೆಕ್ಕದ ಪ್ರಕಾರ ದೇಶದಲ್ಲಿ ಸ್ಯಾಮ್‌ಸಂಗ್ ಅನ್ನೇ ಹಿಂದೆ ಹಾಕಿದ್ದ ಕಂಪನಿ. ಆಮೇಲೆ ಚೀನಾದವರ ಬೆಲೆಯ ಮುಂದೆ, ಜಿಯೋ ತಂದ 4ಜಿಯ ಅವಸರದ ಮುಂದೆ ಉಸಿರುಗಟ್ಟಿತ್ತು. ಗ್ರೂಪಿನಲ್ಲಿ ಎಲ್ಲರೂ ಆ ಸುದ್ದಿಗೆ ಕೈ ಮುಗಿದರು, ಬಾವುಟ ಹಾಕಿದರು. ಯಾರೂ ತಗೊಳ್ಳಲಿಲ್ಲ. ನಾನೂ ತಗೊಳ್ಳಲಿಲ್ಲ.

ಸರಿ, ಸರ್ವಿಸ್ ಸೆಂಟರಿನಿಂದ ಮನೆಗೆ ಬಂದು ಸಿಟ್ಟಿನಲ್ಲೇ ಹೊಸ ಫೋನ್ ಹುಡುಕಲು ಕೂತೆ. ಈ ಕಂಪನಿ ಸಾಯಲಿ, ಇನ್ನು ಮುಖ ನೋಡಲ್ಲ. ಹನ್ನೆರಡೂವರೆ ರಾತ್ರಿಗೆ ನಾನು ಕಾರ್ಟಿಗೆ ಹಾಕಿಕೊಂಡಿದ್ದು ಅದೇ ಮನೆತನದ ಇನ್ನೊಂದು ಬ್ರ್ಯಾಂಡು. ಅದೇ ಚಾರ್ಜರ್ ಆಗುತ್ತೆ, ಸೆಟ್ಟಿಂಗ್ಸ್ ಎಲ್ಲ ಅದೇ ಜಾಗದಲ್ಲಿರುತ್ತೆ ಅಂತ ಒಳಗಿನ ಒಂದು ದನಿ ಮೆಲ್ಲಗೆ ದಾರಿ ತೋರಿಸಿತ್ತು. ನಾಚಿಕೆಯಾಗಿ ಲ್ಯಾಪ್‌ಟಾಪ್ ಮುಚ್ಚಿದೆ.

ಯುಗಾದಿಗೆ ಊರಿಗೆ ಹೋದಾಗ ಅಮ್ಮನ ಬೀರು ನೆನಪಾಯಿತು. ಹಳೇ ರೇಷ್ಮೆ ಸೀರೆಯ ಕೆಳಗೆ, ನುಸಿಗುಳಿಗೆ ವಾಸನೆಯ ನಡುವೆ ಡಬ್ಬಿ ಹಾಗೇ ಇತ್ತು. 18 ಸಾವಿರದ್ದು, ಆರು ದಿನ ಬಳಸಿದ್ದು. ಲಾಕ್ ಸ್ಕ್ರೀನಿಗೆ ಬಂದು ಹೋಗುವವರನ್ನೆಲ್ಲ ಸೆಟ್ಟಿಂಗ್ಸಿನಲ್ಲಿ ಹುಡುಕಿ ಹೊರಗೆ ಹಾಕಿದೆ. ಸಿಮ್ ಹಾಕಿಕೊಂಡು ಬೆಂಗಳೂರಿಗೆ ಬಂದೆ.

ಮೂರನೇ ದಿನ ಸ್ಕೂಟರ್ ನಿಲ್ಲಿಸಿ, ಒಂದು ಕೈಯಲ್ಲಿ ಹೆಲ್ಮೆಟ್, ಇನ್ನೊಂದು ಕೈಯಲ್ಲಿ ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತುವಾಗ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ತೆಗೆದು ಹೆಬ್ಬೆರಳಲ್ಲಿ ಎಳೆದೆ. ಹೊಡೆದುಕೊಳ್ಳುತ್ತಲೇ ಇತ್ತು. ಮತ್ತೆ ಎಳೆದೆ. ನಿಂತೇ ಹೋಯಿತು. ನೋಡಿದರೆ ಅಮ್ಮ. ಮೇಲೆ ಹೋಗಿ ಚೀಲ ಇಳಿಸಿ ವಾಪಸ್ ಮಾಡಿದೆ. ಒಂದೇ ರಿಂಗಿಗೆ ತೆಗೆದಳು.

"ಯಾಕೋ ಎತ್ಲಿಲ್ಲ?"

"ಎತ್ತಿದೆ ಅಮ್ಮ. ಅದು, ಮೇಲಕ್ಕೆ ತಳ್ಬೇಕು ಅಲ್ವಾ..."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅಪ್ಪನನ್ನು ಕರೆದು ಹೇಳುತ್ತಿದ್ದಿದ್ದು ಕೇಳಿಸಿತು: "ರೀ, ಇಲ್ ಕೇಳಿ. ಇವನಿಗೂ ಸಿಗ್ಲಿಲ್ವಂತೆ ಹಸಿರು ಬಟನ್ನು."